ಏಳನೆಯ ಗೂಟ

ಆ ಕಾಲ ಮತ್ತೆ ಬರುವುದಿಲ್ಲ ಎಂದು ಯಾರಾದರೂ ನನ್ನೆದುರು ನಿಟ್ಟುಸಿರು ಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರದಿದ್ದರೆ ಒಳ್ಳೆಯದೇ ಆಯಿತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದು ಬರುತ್ತೇನೆ. ಊರಿನವರಿಗೆ ನನ್ನ ಬಾಯಿ ಗೊತ್ತು. ಅರವತ್ತೈದು ವರ್ಷವಾಗಿ, ಮದುವೆಯಿಲ್ಲದೆ, ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿಕೊಂಡು ಕೂತವಳು ಇನ್ನು ಹೇಗೆ ಮಾತಾಡುತ್ತಾಳೆ ಎಂದು ಅವರವರೇ ಸಮಾಧಾನ ಮಾಡಿಕೊಳ್ಳುತ್ತಾರೆ. ನನ್ನ ಹೆಸರು ವಿಠಾಬಾಯಿ, ದರ್ಜಿ ತುಕಾರಾಮನ ಮಗಳು. ನಮ್ಮೂರಿಗೆ ವಿಮಾನದಿಂದ ಜಿಗಿಯುವ ಹುಚ್ಚು ಹಿಡಿದಿದ್ದ ಒಂಬತ್ತು ವರ್ಷ, ಜಿಗಿಯುವವರ ಛತ್ರಿಗಳನ್ನು ಮಡಿಸಿ ಕೊಟ್ಟವಳು ನಾನು. ಪ್ಯಾರಾಚೂಟ್ ಎಂಬ ಹೆಸರು ನಮ್ಮೂರಿನ ಬಾಯಿಗೆ ಕೊನೆಗೂ ಒಗ್ಗಲಿಲ್ಲ.

ನಮ್ಮೂರಿನ ಆಕಾಶದಿಂದ ಇಳಿಯುವುದಕ್ಕೆ ಇಷ್ಟೇ ಹೊತ್ತು ಎಂಬುದಿಲ್ಲ. ಜಿಗಿದವನು ನಾಲ್ಕು ನಿಮಿಷಕ್ಕೆ ಬಂದಾನು, ನಾಲ್ಕು ದಿನಕ್ಕೆ ಬಂದಾನು. ವಿಮಾನದ ಬಾಗಿಲಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಾನೆ, ಕೈ ಬಿಡುತ್ತಾನೆ, ಆಮೇಲೆ ಕಾಣುವುದಿಲ್ಲ. ಛತ್ರಿ ಅಗಲಿಸಿಕೊಂಡು ಮರಗಳ ಮೇಲಕ್ಕೆ ಬಂದಾಗಲೇ ಮತ್ತೆ ಕಣ್ಣಿಗೆ ಬೀಳುವುದು. ನೇಕಾರ ಸಂಗಪ್ಪ ಹನ್ನೊಂದು ತಿಂಗಳ ಮೇಲೆ ಇಳಿದ. ಜಿಗಿಯುವಾಗ ಬಾಯಿಗೆ ಹಾಕಿಕೊಂಡಿದ್ದ ಎಲೆ ಅಡಿಕೆಯನ್ನು ಇನ್ನೂ ಅಗಿಯುತ್ತಿದ್ದ. ಅಂಚೆ ಕಚೇರಿಯ ಗುಮಾಸ್ತ ಗುರುಪಾದ ಹತ್ತೊಂಬತ್ತು ವರ್ಷದ ಮೇಲೆ ಇಳಿದ. ಇಳಿದವರಿಗೆ ಅದು ಗೊತ್ತೇ ಆಗುವುದಿಲ್ಲ. ವಯಸ್ಸಾಗುವುದು ಕೆಳಗೆ ನಿಂತವರಿಗೆ.

ಊರು ಇದಕ್ಕೂ ಒಗ್ಗಿಕೊಂಡಿತು. ಕಚೇರಿಗಳ ಹಾಜರಿ ಪುಸ್ತಕಕ್ಕೆ ‘ಮೇಲಿದ್ದಾರೆ’ ಎಂಬ ರಬ್ಬರ್ ಸ್ಟ್ಯಾಂಪು ಬಂತು. ಲಗ್ನಪತ್ರಿಕೆ ಕೊಡಲು ಹೋದವರು ಹೊಸ್ತಿಲಲ್ಲೇ ನಿಂತು, “ಯಜಮಾನ್ರು ಇಳದಾರೇನ್ರಿ?” ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ಹೆಣ್ಣು ಕೊಡುವವರು ಹುಡುಗ ಕುಡಿಯುತ್ತಾನೆಯೇ ಎಂದು ಕೇಳುವುದಕ್ಕೆ ಮೊದಲು ಜಿಗಿಯುತ್ತಾನೆಯೇ ಎಂದು ಕೇಳುತ್ತಿದ್ದರು. ಮೇಲಿರುವವನ ಹೆಂಡತಿ ಕುಂಕುಮ ಅಳಿಸುವ ಹಾಗಿಲ್ಲ, ಅವನ ಪಾಲಿನ ಆಸ್ತಿ ಅಣ್ಣತಮ್ಮಂದಿರು ಮುಟ್ಟುವ ಹಾಗಿಲ್ಲ. ಮತ್ತೊಂದು ಕಟ್ಟುನಿಟ್ಟು: ಮೇಲಿರುವ ಒಬ್ಬನಿಗಾಗಿ ಕೆಳಗೆ ಒಬ್ಬರು ಕಾಯುತ್ತಿರುವ ತನಕ ಇಳಿಯುವ ಮೈದಾನದಲ್ಲಿ ಯಾರೂ ಒಂದು ಗೂಟ ಕೂಡ ಹೊಡೆಯುವಂತಿಲ್ಲ.

ಇಳಿದವನನ್ನು ಎದುರುಗೊಳ್ಳುವುದಕ್ಕೆ ಒಂದು ಪದ್ಧತಿಯಿತ್ತು. ಮೊದಲು ನೀರು, ಆಮೇಲೆ ತಾರೀಖು, ಆಮೇಲೆ ಸತ್ತವರ ಹೆಸರು. ಈ ಮೂರನ್ನೂ ಕೊಡಬೇಕಾದವರು ಅವನ ಛತ್ರಿ ಮಡಿಸಿದವರು; ಹೆಂಡತಿಯಾಗಲಿ ತಾಯಿಯಾಗಲಿ ಅಷ್ಟು ಹೊತ್ತು ದೂರ ನಿಲ್ಲಬೇಕು. ಗುರುಪಾದ ಇಳಿದಾಗ ತಂಬಿಗೆ ಹಿಡಿದು ನಾನೇ ಓಡಿದ್ದೆ. ನೀರು ಕುಡಿದು ಬಾಯಿ ಒರೆಸಿಕೊಂಡ. ತಾರೀಖು ಹೇಳಿದೆ, ನಕ್ಕ. ನನ್ನ ತಲೆಯಲ್ಲಿ ಬಿಳಿಕೂದಲು ಕಂಡಮೇಲೆ ನಗು ನಿಲ್ಲಿಸಿದ. “ಗುರುಪಾದ, ನಿಮ್ಮ ಅಪ್ಪ ಹೋಗಿ ಹದಿನೈದು ವರ್ಷ ಆತು. ನಿಮ್ಮವ್ವ ಹೋಗಿ ಆರು ವರ್ಷ,” ಎಂದೆ. ಅವನು ಛತ್ರಿಯ ಬಟ್ಟೆಯ ಮೇಲೆ ಕೂತುಬಿಟ್ಟ. ಜಿಗಿಯುವ ಮೊದಲು ನನ್ನನ್ನು ತಂಗಿ ಎನ್ನುತ್ತಿದ್ದವನು ಅವತ್ತಿನಿಂದ ವಿಠಕ್ಕ ಎನ್ನತೊಡಗಿದ. ನಾನು ಅವನಿಗಿಂತ ದೊಡ್ಡವಳಾಗಿಬಿಟ್ಟಿದ್ದೆ.

ಇದನ್ನೆಲ್ಲ ಶುರುಮಾಡಿದವರು ರೆಬೆಲ್ಲೊ ಮಾಸ್ತರು. ಸೈನ್ಯದಲ್ಲಿ ಜಿಗಿಯುವುದನ್ನು ಕಲಿಸುತ್ತಿದ್ದವರು ನಿವೃತ್ತರಾಗಿ ನಮ್ಮೂರಿಗೆ ಬಂದಾಗ ಒಂದು ಲಾರಿ ತುಂಬ ಸೈನ್ಯದವರು ಬಿಸಾಕಿದ ದುಂಡು ಛತ್ರಿಗಳನ್ನೂ ತಂದಿದ್ದರು. ಹರಿದದ್ದನ್ನು ಹೊಲಿಯಲು ನಮ್ಮಪ್ಪನನ್ನು ಕರೆದರು, ಅಪ್ಪನ ಜೊತೆ ಹದಿನೈದು ವರ್ಷದ ನಾನೂ ಹೋದೆ. ವಿಮಾನ ನಡೆಸುವವರು ಖಾದರ್‌ಸಾಬರು. ಅದರ ಬಾಗಿಲನ್ನು ಕಿತ್ತು ಪಕ್ಕಕ್ಕೆ ಒರಗಿಸಿಟ್ಟಿದ್ದರು. ಆ ಬಾಗಿಲಿನ ಮೇಲೆ ಖಾದರ್‌ಸಾಬರ ಹೆಂಡತಿ ಹಪ್ಪಳ ಒಣಹಾಕುತ್ತಿದ್ದರು. ಜಿಗಿಯುವವರು ದೊಡ್ಡ ಬೂಟಿನೊಳಗೆ ಚಿಂದಿ ತುರುಕಿಕೊಂಡು, ಸೈಕಲ್ ಟ್ಯೂಬಿನಿಂದ ಪ್ಯಾಂಟಿನ ಕಾಲು ಬಿಗಿದುಕೊಂಡು ಹೋಗುತ್ತಿದ್ದರು. ಇಳಿದವನ ಕಾಲು ಉಳುಕದೆ ಇದ್ದರೆ ಅವನು ಜಿಗಿದೇ ಇಲ್ಲ ಎಂದು ಗೇಲಿ ಮಾಡುತ್ತಿದ್ದರು. ಹೊಟ್ಟೆಗೆ ಕಟ್ಟಿಕೊಳ್ಳುವ ತುರ್ತಿನ ಸಣ್ಣ ಛತ್ರಿ ಇಡೀ ಸಂಘಕ್ಕೆ ಎರಡೇ ಇದ್ದವು. ಒಬ್ಬನು ಕಟ್ಟಿಕೊಂಡರೆ ಅವನನ್ನು ಹೇಡಿ ಎನ್ನುತ್ತಿದ್ದರು. ಭಾನುವಾರ ಬೆಳಗಾದರೆ ಊರಿಗೆ ಊರೇ ಮೈದಾನದಲ್ಲಿ. ಛತ್ರಿಯೊಂದು ತಲೆಯ ಮೇಲೆ ಪಟ್ಟನೆ ತೆರೆದುಕೊಂಡಾಗ ಮುದುಕಿಯರೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಲ್ಲ ಎನ್ನುವುದಿಲ್ಲ, ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನಮ್ಮ ತಲೆಗೆ ಏರಿತ್ತು.

ನನ್ನ ಕೆಲಸ ಮಡಿಸುವ ಮನೆಯಲ್ಲಿ. ಹನ್ನೆರಡು ಮಾರು ಉದ್ದದ ಮೇಜು. ಅದರ ಮೇಲೆ ರೇಷ್ಮೆಯಂಥ ಬಟ್ಟೆಯನ್ನು ಹಾಸಿ, ಹಗ್ಗಗಳನ್ನು ಬೇರೆ ಬೇರೆ ಮಾಡಿ, ಮಡಿಕೆಯ ಮೇಲೆ ಮಡಿಕೆ ಹಾಕಬೇಕು. ಜಾರುವ ಬಟ್ಟೆ ಅದು. ಹಾಕಿದ ಮಡಿಕೆ ಜಾರದ ಹಾಗೆ ಅದರ ಮೇಲೆ ಭಾರ ಇಡುತ್ತಿದ್ದೆ. ಅದಕ್ಕೆಂದೇ ಅಪ್ಪ ಖಾಕಿ ಬಟ್ಟೆಯಲ್ಲಿ ಗೇಣುದ್ದದ ಏಳು ಚೀಲ ಹೊಲಿದು, ಒಳಗೆ ಸೀಸದ ಗುಂಡು ತುಂಬಿದ್ದ. ಮಡಿಸಿ ಮುಗಿದಮೇಲೆ ಏಳೂ ಚೀಲ ಗೋಡೆಯ ಮೇಲಿನ ಏಳು ಗೂಟಕ್ಕೆ ಹೋಗಬೇಕು. ಒಂದು ಗೂಟ ಬರಿದಾಗಿದ್ದರೆ ಒಂದು ಚೀಲ ಛತ್ರಿಯೊಳಗೆ ಉಳಿದಿದೆ ಎಂದು ಅರ್ಥ. ಉಳಿದರೆ ಹಗ್ಗ ಅದಕ್ಕೆ ಸುತ್ತಿಕೊಂಡು ಛತ್ರಿ ಬಿಚ್ಚುವುದು ಅನುಮಾನ. ಆದ್ದರಿಂದ ಜಿಗಿಯುವವನು ಛತ್ರಿ ಹೆಗಲಿಗೇರಿಸುವ ಮೊದಲು ಗೋಡೆ ನೋಡಿ ಏಳು ಎಂದು ಬಾಯಿಬಿಟ್ಟು ಹೇಳಬೇಕು. ಇದು ಮಾಸ್ತರರ ಆಜ್ಞೆ. ಮೊದಮೊದಲು ಎಲ್ಲರೂ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಒಂಬತ್ತನೆಯ ವರ್ಷದ ಹೊತ್ತಿಗೆ ಬಾಗಿಲಲ್ಲಿ ನಿಂತೇ ಏಳು ಎಂದು ಕೂಗಿ, ನನ್ನ ಕೈಯಿಂದ ಛತ್ರಿ ಕಿತ್ತುಕೊಂಡು ಓಡುತ್ತಿದ್ದರು.

ಅಡಿವೆಪ್ಪ ವಿದ್ಯುತ್ ಕಂಬ ಹತ್ತುವ ಲೈನ್‌ಮ್ಯಾನ್. ಇಪ್ಪತ್ತಾರು ವರ್ಷ, ಎತ್ತರವೆಂದರೆ ಅಂಜಿಕೆಯೇ ಇಲ್ಲ. ಕಂಬದ ಮೇಲೆ ಕೂತು ಕೆಳಗೆ ಹೋಗುವವರ ಜೊತೆ ಹರಟೆ ಹೊಡೆಯುತ್ತಿದ್ದ. ಆ ವರ್ಷವೇ ನೀಲಗಂಗಾಳನ್ನು ಮದುವೆಯಾಗಿದ್ದ. ಇಪ್ಪತ್ತರ ಹುಡುಗಿ, ಹೊರಗಿನ ಊರಿನವಳು. ನಮ್ಮ ಆಕಾಶದ ರೀತಿನೀತಿ ಆಕೆಗೆ ಇನ್ನೂ ಹೊಸದು. ಅಡಿವೆಪ್ಪ ಅದೃಷ್ಟವಂತ, ಎಷ್ಟು ಸಲ ಜಿಗಿದರೂ ಒಂದು ದಿನಕ್ಕಿಂತ ಹೆಚ್ಚು ಮೇಲೆ ಉಳಿದವನಲ್ಲ. “ನನ್ನ ಹೇಣ್ತಿ ಕೈಯನ ರೊಟ್ಟಿ ಕೆಳಗ ಜಗ್ಗತೈತಿ,” ಎನ್ನುತ್ತಿದ್ದ.

ಆ ಭಾನುವಾರ ಗಾಳಿ ಇರಲಿಲ್ಲ. ಅಂಥ ದಿನ ವರ್ಷಕ್ಕೆರಡು ಬಂದರೆ ಹೆಚ್ಚು. ಬೆಳಗಿನಿಂದ ಹತ್ತು ಮಂದಿ ಜಿಗಿದರು, ಹತ್ತೂ ಮಂದಿ ನಿಮಿಷಗಳಲ್ಲಿ ಇಳಿದರು. ಹಿಂದೆಂದೂ ಹಾಗೆ ಆಗಿರಲಿಲ್ಲ. ಜನ ಹಲಗೆ ಬಡಿಯತೊಡಗಿದರು. ಮಾಸ್ತರು ಸಾಕು ಎಂದರು, ಯಾರೂ ಕೇಳಲಿಲ್ಲ, ಅವರಿಗೂ ಸಾಕಾಗಿರಲಿಲ್ಲ. ಹೊತ್ತು ಮುಳುಗಲು ಬಂದಾಗ ಅಡಿವೆಪ್ಪ ಇನ್ನೊಂದು ಸಲ ಹೋಗುತ್ತೇನೆಂದು ಬಂದ, ಹೊಟ್ಟೆಯ ಛತ್ರಿ ಇಲ್ಲದೆ. ನಾನು ಬೆಳಗಿನಿಂದ ಕೂತಿರಲಿಲ್ಲ. ಆದರೂ ಬೇಡ ಎನ್ನಲಿಲ್ಲ. ಆ ದಿನದಲ್ಲಿ ನನ್ನದೂ ಪಾಲಿರಲಿ ಎಂಬ ಆಸೆ. ದೀಪ ಹಚ್ಚುವುದಕ್ಕೂ ತಡೆಯದೆ ಅರೆಬೆಳಕಿನಲ್ಲಿ ಮಡಿಸಿದೆ, ಹೊರಗಿನ ಹಲಗೆಯ ಬಡಿತಕ್ಕೆ ನನ್ನ ಕಾಲೂ ಕುಣಿಯುತ್ತಿತ್ತು. ಅವನು ಏಳು ಎಂದು ಕೂಗಿ ಹೊತ್ತುಕೊಂಡು ಹೋದ. ಎಲ್ಲರ ಜೊತೆ ನಾನೂ ಹೊರಗೆ ಓಡಿ ಕತ್ತೆತ್ತಿದೆ. ಹೆಬ್ಬೆರಳಿನಷ್ಟು ಕಂಡ, ಕೈ ಬಿಟ್ಟ, ಆಮೇಲೆ ಕಾಣಲಿಲ್ಲ.

ಜನ ಕರಗಿದ ಮೇಲೆ ಮಡಿಸುವ ಮನೆಗೆ ಬಂದು ನೋಡಿದರೆ ಗೋಡೆಯ ಮೇಲೆ ಆರು ಚೀಲ. ಮೇಜಿನ ಕೆಳಗೆ ಹುಡುಕಿದೆ, ಬಾಗಿಲ ಹಿಂದೆ ಹುಡುಕಿದೆ, ನನ್ನ ಲಂಗದ ನೆರಿಗೆಯನ್ನೂ ಕೊಡವಿದೆ. ಏಳನೆಯ ಗೂಟ ಬರಿದಾಗಿತ್ತು. ಆಗಲೇ ಓಡಿಹೋಗಿ ಮಾಸ್ತರರಿಗೆ ಹೇಳಬಹುದಿತ್ತು. ಹೇಳಿದರೂ ಮೇಲಿರುವವನಿಗೆ ಏನು ಮಾಡಲಾಗುತ್ತಿತ್ತು ಎಂದು ನನಗೆ ನಾನೇ ಕೇಳಿಕೊಂಡೆ, ಬಾಯಿ ಮುಚ್ಚಿಕೊಂಡೆ. ಮರುದಿನ ಬೆಳಗ್ಗೆ ಅಪ್ಪನ ಪೆಟ್ಟಿಗೆಯಿಂದ ಖಾಕಿ ತುಂಡು ತೆಗೆದು ಅದೇ ಅಳತೆಯ ಚೀಲ ಹೊಲಿದೆ. ಸೀಸ ಸಿಗಲಿಲ್ಲ, ಹಳ್ಳದ ಸಣ್ಣ ಕಲ್ಲು ತುಂಬಿದೆ. ಹೊಲಿದು ಏಳನೆಯ ಗೂಟಕ್ಕೆ ತೂಗುಹಾಕಿದೆ. ಮರೆತದ್ದು ನನ್ನ ತಪ್ಪು. ಇದು ನನ್ನ ಪಾಪ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿದೆ.

ವಾರ ಕಳೆಯಿತು, ತಿಂಗಳು ಕಳೆಯಿತು. ಅಡಿವೆಪ್ಪ ಇಳಿಯಲಿಲ್ಲ. ಇನ್ನು ಮಡಿಸುವುದಿಲ್ಲ ಎಂದು ನಾನು ಮಾಸ್ತರರಿಗೆ ಹೇಳಿಬಿಟ್ಟೆ. ಬೇರೆ ಯಾರೂ ಆ ಕೆಲಸ ಕಲಿತಿರಲಿಲ್ಲ, ಸಂಘ ಅಲ್ಲಿಗೆ ನಿಂತಿತು. ಖಾದರ್‌ಸಾಬರು ವಿಮಾನ ಮಾರಿದರು, ಮಾಸ್ತರು ಮೂರು ವರ್ಷದಲ್ಲಿ ತೀರಿಕೊಂಡರು. ಮೇಲಿದ್ದ ಐದಾರು ಮಂದಿ ಒಬ್ಬೊಬ್ಬರಾಗಿ ಇಳಿದರು, ಕೊನೆಯವನು ಗುರುಪಾದ. ಆಮೇಲೆ ಮೇಲೆ ಉಳಿದವನು ಅಡಿವೆಪ್ಪ ಒಬ್ಬನೇ. ಈಗಿನವರು ಬೇರೆ ಊರಿಗೆ ಹೋಗಿ ಚೌಕದ ಛತ್ರಿಯಲ್ಲಿ ಜಿಗಿದು, ಇನ್ನೊಬ್ಬನ ಎದೆಗೆ ಕಟ್ಟಿಸಿಕೊಂಡ ಫೋಟೋ ತೆಗೆಸಿಕೊಂಡು ಸಂಜೆಗೆ ಮನೆಗೆ ಬರುತ್ತಾರೆ. ಅವರನ್ನು ಕಂಡರೆ ಹಳಬರಿಗೆ ತಾತ್ಸಾರ. ನನಗೆ ಹೊಟ್ಟೆಕಿಚ್ಚು.

ಮೈದಾನದ ಅಂಚಿನಲ್ಲಿ ಒಂದು ಕಲ್ಲಿನ ಬೆಂಚಿದೆ. ನಲವತ್ತೊಂದು ವರ್ಷ, ದಿನಾ ಸಂಜೆ, ಅಲ್ಲಿ ನಾವಿಬ್ಬರು. ನಾನು ತಂಬಿಗೆ ನೀರು ಇಟ್ಟುಕೊಂಡು ಒಂದು ತುದಿಗೆ, ನೀಲಗಂಗಾ ಇನ್ನೊಂದು ತುದಿಗೆ. ಆಕೆಯ ಹಣೆಯ ಕುಂಕುಮ ಹಾಗೇ ಇತ್ತು, ಹಣೆ ಮಾತ್ರ ಸುಕ್ಕುಗಟ್ಟಿತು. ಅವನು ಬಂದರೆ ಈಗಲೂ ಇಪ್ಪತ್ತಾರರವನೇ. “ಮಗಾ ಅಂತ ಕರೀಬೇಕಾಗತೈತೇನೋ ವಿಠಕ್ಕಾ,” ಎಂದು ಒಮ್ಮೆ ನಕ್ಕಳು, ಆಮೇಲೆ ಆ ಮಾತು ಎತ್ತಲಿಲ್ಲ. ಊರಿನವರು ನಮ್ಮನ್ನು ತೋರಿಸಿ, ಕಾಯುವುದೆಂದರೆ ಹೀಗಿರಬೇಕು ಎಂದು ಸೊಸೆಯಂದಿರಿಗೆ ಹೇಳುತ್ತಿದ್ದರು. ನಾನು ಕಾಯುತ್ತಿರಲಿಲ್ಲ. ದಿನಾ ಆ ಬೆಂಚಿನ ಮೇಲೆ ಕೂತು, ದೇವರೇ, ಇವತ್ತು ಬೇಡ, ಇವತ್ತೊಂದು ದಿನ ಅವನು ಮೇಲೆಯೇ ಇರಲಿ ಎಂದು ಬೇಡುತ್ತಿದ್ದೆ. ಮೇಲಿರುವ ತನಕ ಅವನು ಬದುಕಿದ್ದ.

ಸಂಘ ಶುರುವಾಗಿ ಐವತ್ತು ವರ್ಷ ತುಂಬುತ್ತದೆಂದು ಗುರುಪಾದ ಓಡಾಡತೊಡಗಿದ್ದು ಹೋದ ಚಳಿಗಾಲದಲ್ಲಿ. ಸಮಿತಿಗೆ ಅವನೇ ಕಾರ್ಯದರ್ಶಿ. ಉಳಿದವರಿಗೆ ಅದು ಮುದಿವಯಸ್ಸಿನ ನೆನಪು. ಅವನಿಗೆ ಹಾಗಲ್ಲ, ಹತ್ತೊಂಬತ್ತು ವರ್ಷ ಅವನಿಗೆ ಕಡಿಮೆ. ಹಳೆಯ ಬೂಟು, ಫೋಟೋ, ಬಾಗಿಲು, ಹರಿದ ಛತ್ರಿ ಎಲ್ಲವನ್ನೂ ಇಡಲು ಒಂದು ಸ್ಮಾರಕ ಭವನ ಕಟ್ಟಬೇಕೆಂದು ಹೊರಟಿದ್ದ. ಎಲ್ಲಿ ಎಂದರೆ, ಇಳಿಯುವ ಮೈದಾನದ ನಟ್ಟನಡುವೆ. ಪುರಸಭೆ ಒಪ್ಪಿತ್ತು. ನೀಲಗಂಗಾ ಇನ್ನು ಕಾಯುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಆಯಿತು. ಅವನು ಆ ಕಾಗದ ಹಿಡಿದು ಮೊದಲು ನನ್ನ ಅಂಗಡಿಗೆ ಬಂದ.

“ವಿಠಕ್ಕಾ, ನೀವ ಒಂದ್ ಮಾತ್ ಹೇಳ್ರಿ ಅಕಿಗೆ. ನಿಮ್ಮ ಮಾತು ಅಕಿ ಮೀರೂದಿಲ್ಲ.”

“ಮ್ಯಾಲಿದ್ದಾಂವನ ತಲಿ ಕೆಳಗ ಸಿಮೆಂಟ್ ಹಾಕಿ ಅವನ ಫೋಟೋಕ್ಕ ಮಾಲಿ ಹಾಕ್ತೀಯೇನಪಾ?”

“ನಲವತ್ತೊಂದು ವರ್ಷ ಆತ್ರಿ. ನಾ ಹತ್ತೊಂಬತ್ತಕ್ಕ ಬಂದೆ, ನಂಗ ಏನ್ ಉಳದಿತ್ತು ಹೇಳ್ರಿ. ಬಂದಾಂವಗ ಏನರ ಉಳೀಬೇಕಲ್ಲ. ಆ ದಿವಸಗೋಳು ಒಂದು ಮನಿಯಾಗರ ಇರಲಿ ಅಂತೀನಿ.”

ಅವನ ಕಣ್ಣು ತುಂಬಿತ್ತು. ಬೈಯಬೇಕೆಂದಿದ್ದವಳಿಗೆ ಬೈಯಲು ಮನಸ್ಸಾಗಲಿಲ್ಲ. ಹೇಳುತ್ತೇನೆ ಎಂದು ಕಾಗದ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಆ ಕಾಗದ ಕೈಗೆ ಬಂದಾಗ ಎದೆ ಹಗುರಾಯಿತು. ಆಕೆ ಸಹಿ ಹಾಕಿದರೆ ನನ್ನ ಸರದಿಯೂ ಮುಗಿಯುತ್ತದೆ. ತಂಬಿಗೆ ಅಟ್ಟಕ್ಕೆ ಹಾಕಬಹುದು. ಅವನು ಬೀಳುವುದನ್ನು ನಾನು ನೋಡಬೇಕಾಗಿಲ್ಲ.

ಆ ಸಂಜೆ ಬೆಂಚಿಗೆ ಹೋಗಲಿಲ್ಲ, ನೀಲಗಂಗಾಳ ಮನೆಗೆ ಹೋದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಗದ ಕೊಟ್ಟೆ. ಓದಿ ಮಡಿಸಿ ಪಕ್ಕಕ್ಕಿಟ್ಟಳು.

“ನೀ ಏನ್ ಅಂತೀ ವಿಠಕ್ಕಾ?”

ಹಾಕಿಬಿಡು ಎಂದು ಹೇಳಲೆಂದೇ ಹೋಗಿದ್ದವಳು ನಾನು. ಬಾಯಿಂದ ಬೇರೆಯದೇ ಬಂತು. ಅರೆಬೆಳಕು, ಹಲಗೆಯ ಸದ್ದು, ಆರು ಚೀಲ, ಮರುದಿನ ಹೊಲಿದ ಕಲ್ಲಿನ ಚೀಲ, ಎಲ್ಲವನ್ನೂ ಹೇಳಿದೆ. ನಲವತ್ತೊಂದು ವರ್ಷ ಅವನು ಬರಬಾರದು ಎಂದು ಬೇಡಿದ್ದನ್ನೂ ಹೇಳಿದೆ. ಆಕೆ ಜೋಳದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಅಳುತ್ತಾಳೆ, ಶಪಿಸುತ್ತಾಳೆ, ಹೊರಗೆ ನಡಿ ಎನ್ನುತ್ತಾಳೆ ಎಂದುಕೊಂಡಿದ್ದೆ.

“ಗೊತ್ತೈತಿ,” ಎಂದಳು.

ನನಗೆ ಅರ್ಥವಾಗಲಿಲ್ಲ.

“ಅವತ್ತ ಸಂಜೀಕ ಅವರಿಗೆ ಅವಲಕ್ಕಿ ತಂದಿದ್ದೆ. ಖಾಕಿ ಚೀಲದಾಗ, ಅವರ ಲೈನಿನ ಸಾಮಾನಿನ ಹಳೇ ಚೀಲ. ನೀ ಮಡಸೂದು ಮುಗೀಲಿಕ್ಕ ಬಂದಿತ್ತು, ನಿನ್ನ ಬೆನ್ನು ನನ್ನ ಕಡೆ ಇತ್ತು. ಗ್ವಾಡಿ ಮ್ಯಾಲೆ ಒಂದ್ ಗೂಟ ಖಾಲಿ ಇತ್ತು, ಅದಕ್ಕ ತೂಗಹಾಕಿ ಹೊರಗ ನಿಂತೆ. ಗೂಟ ಯಾತಕ್ಕ ಅಂತ ನನಗೇನ್ ಗೊತ್ತಿತ್ತು, ಬಂದು ಆರು ತಿಂಗಳಾಗಿತ್ತು. ಅವರು ಬಾಗಲದಾಗ ನಿಂತು ಗ್ವಾಡಿ ನೋಡಿದರು ವಿಠಕ್ಕಾ. ಬೆರಳು ಮಾಡಿ ಎಣಿಸಿದರು. ಏಳು ಅಂದರು. ಏಳನೇದು ನನ್ನ ಚೀಲ.”

ಅವನು ನೋಡದೆಯೇ ಏಳು ಎಂದು ಕೂಗಿದ ಎಂದು ನಾನು ನಲವತ್ತೊಂದು ವರ್ಷ ನಂಬಿದ್ದೆ. ಅಷ್ಟರಮಟ್ಟಿಗೆ ಅವನದೂ ತಪ್ಪಿದೆ ಎಂದು ಒಳಗೊಳಗೇ ಒಂದು ಪಾಲು ಅವನ ಮೇಲೆ ಹಾಕಿಬಿಟ್ಟಿದ್ದೆ. ಅವನು ಎಣಿಸಿದ್ದ.

“ಅವರು ಜಿಗದ ಮ್ಯಾಲೆ ಚೀಲ ತಗೊಂಡು ಮನಿಗೆ ಬಂದೆ, ಅವಲಕ್ಕಿ ಹಂಗ ಉಳದಿತ್ತು,” ಎಂದಳು ನೀಲಗಂಗಾ. “ನಾಕ್ ದಿವಸದ ಮ್ಯಾಲೆ ಮಾಸ್ತರ್ ಹೇಣ್ತಿ ಗೂಟದ ಮಾತು ಹೇಳಿದರು. ಓಡಿ ಬಂದು ನೋಡಿದೆ. ಏಳೂ ಚೀಲ ಇದ್ದವು. ಒಂದರ ಹೊಲಿಗಿ ಹೊಸಾದು. ಅವಾಗ ತಿಳೀತು, ನೀನೂ ಅಂಜೀದಿ ಅಂತ.”

“ಮತ್ತ ಯಾಕ ಸುಮ್ಮನಿದ್ದಿ?”

“ನೀ ಯಾಕ ಸುಮ್ಮನಿದ್ದಿ?”

ಉತ್ತರ ಇಬ್ಬರ ಹತ್ತಿರವೂ ಒಂದೇ ಇತ್ತು. ಆಕೆಯೂ ಆ ಬೆಂಚಿನ ಮೇಲೆ ಕೂತು, ಗಂಡ ಇವತ್ತು ಬರಬಾರದು ಎಂದು ದಿನಾ ಬೇಡಿದವಳು. ಒಂದೇ ಕಲ್ಲಿನ ಎರಡು ತುದಿಯಲ್ಲಿ ಕೂತು ಒಂದೇ ಹರಕೆ ಹೊತ್ತಿದ್ದೆವು; ಒಂದು ಮಾತಾಡಿದ್ದರೆ ಇಬ್ಬರ ಹೊರೆಯೂ ಅರ್ಧಕ್ಕೆ ಇಳಿಯುತ್ತಿತ್ತು. ಅಷ್ಟೂ ವರ್ಷ ವ್ಯರ್ಥವಾಯಿತಲ್ಲ ಎಂದು ನನಗೆ ಅಳು ಬಂತು. ಅವತ್ತು ಅತ್ತಷ್ಟು ನಾನು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ಆಕೆ ಎದ್ದು ಹೋಗಿ ನೀರು ತಂದುಕೊಟ್ಟಳು.

“ಸಹಿ ಹಾಕೂದಿಲ್ಲ,” ಎಂದಳು ಆಮೇಲೆ. “ಛತ್ರಿ ಬಿಚ್ಚಲಿಲ್ಲಂದ್ರ ಮಣ್ಣಿನ ಮ್ಯಾಲರ ಬೀಳಲಿ. ಯಾರದರ ಮಾಳಗಿ ಮ್ಯಾಲೆ ಬ್ಯಾಡ. ನೀರು ಕುಡಸೂದು ನಮ್ಮ ಹಣೇದಾಗ ಇಲ್ಲಂದ್ರ ಒಂದು ಅರಿವಿ ಹೊಚ್ಚೂಣು.”

ಭವನದ ಮಾತು ನಿಂತಿತು, ಸಮಾರಂಭ ನಿಲ್ಲಲಿಲ್ಲ. ಮೈದಾನದಲ್ಲಿ ಗೂಟ ಹೊಡೆಯುವ ಹಾಗಿಲ್ಲವಾದ್ದರಿಂದ ಅಂಚಿನಲ್ಲೇ ಪೆಂಡಾಲು ಹಾಕಿದರು. ಆದರೂ ಅದರ ಅರ್ಧ ನೆರಳು ಒಳಗೆ ಚಾಚಿಕೊಂಡಿತ್ತು. ಊಟವಾದಮೇಲೆ ಭಾಷಣ. ನೇಕಾರ ಸಂಗಪ್ಪ ತನ್ನ ಎಲೆ ಅಡಿಕೆಯ ಕಥೆ ಹೇಳಿದ, ಎಲ್ಲರೂ ನೂರನೆಯ ಸಲ ನಕ್ಕರು. ಬಾಗಿಲಿನ ಮೇಲಿನ ಹಪ್ಪಳದ ಮಾತು ಬಂತು, ಬೂಟಿನ ಚಿಂದಿಯ ಮಾತು ಬಂತು. ಗುರುಪಾದ ಮೈಕಿನ ಮುಂದೆ ನಿಂತು, ಒಂದೇ ದಿನ ಹತ್ತು ಮಂದಿ ಇಳಿದ ಆ ಭಾನುವಾರದಂಥ ಭಾನುವಾರ ಈ ಊರು ಮತ್ತೆ ಕಂಡಿಲ್ಲ ಎಂದ. ಅವನು ಅವತ್ತು ಕಂಡದ್ದೇನು, ಮೇಲಿದ್ದವನು. ಕೇಳಿದ್ದನ್ನೇ ಕಂಡ ಹಾಗೆ ಹೇಳುತ್ತಿದ್ದ. ನೀಲಗಂಗಾ ನನ್ನ ಕೈ ಹಿಡಿದುಕೊಂಡಳು. ಎದ್ದು ಹೋಗೋಣ ಎಂದು ನಾನು ಸನ್ನೆ ಮಾಡುತ್ತಿದ್ದೆ.

ಆಗ ಮೈದಾನದಲ್ಲಿ ಏನೋ ಧಪ್ಪೆಂದಿತು. ಯಾರೋ ಕಲ್ಲೆಸೆದರೆಂದು ಹಿಂದಿನ ಸಾಲಿನವರು ಬೈದರು. ನಾನು ಹೋಗಿ ನೋಡಿದೆ. ಹುಲ್ಲಿನಲ್ಲಿ ಒಂದು ಖಾಕಿ ಚೀಲ ಅರ್ಧ ಮಣ್ಣಿಗೆ ಹೂತುಕೊಂಡು ಬಿದ್ದಿತ್ತು. ಎತ್ತಿಕೊಂಡೆ. ಸೀಸದ ಭಾರ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಮೂಲೆಯಲ್ಲಿ ಅಪ್ಪ ಹಾಕುತ್ತಿದ್ದ ಎರಡು ಸುತ್ತಿನ ಗಂಟು, ಮೊನ್ನೆ ಹಾಕಿದ ಹಾಗೆ. ಅಪ್ಪ ಸತ್ತು ಇಪ್ಪತ್ತೇಳು ವರ್ಷವಾಗಿತ್ತು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ.

ನೀಲಗಂಗಾ ಬಂದಳು, ಹಿಂದೆಯೇ ಗುರುಪಾದ. ಚೀಲವನ್ನು ಅವನ ಕೈಯಲ್ಲಿಟ್ಟೆ. ಎಲ್ಲರ ಮುಂದೆ, ಮೈಕು ಇಲ್ಲದೆ, ನಡೆದದ್ದನ್ನು ಹೇಳಿದೆ. ನನ್ನ ಚೀಲದ್ದು ನಾನು ಹೇಳುತ್ತೇನೆ ಎಂದು ನೀಲಗಂಗಾ ತನ್ನದನ್ನು ತಾನೇ ಹೇಳಿದಳು. ಹಳಬರು ನೆಲ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಏಳು ಎಂದು ಕೂಗಿದವರೇ ಅವರೆಲ್ಲ. ಗುರುಪಾದ ಚೀಲವನ್ನು ಕೈಯಲ್ಲಿ ತೂಗಿ ನೋಡಿದ, ಕತ್ತೆತ್ತಿ ಆಕಾಶ ನೋಡಿದ. ಅಲ್ಲಿ ಏನೂ ಇರಲಿಲ್ಲ.

“ಚೀಲ ಹೊರಗ ಬಿದ್ದೈತಂದ್ರ ಮಡಿಕಿ ಬಿಚ್ಚೇತಿ,” ಎಂದ ಮೆಲ್ಲಗೆ. “ಹಗ್ಗ ಹಿಡಕೊಂಡಿಲ್ಲ. ಇಷ್ಟು ನಾ ಹೇಳಬಲ್ಲೆ. ಪೂರಾ ಬಿಚ್ಚೇತೋ ಇಲ್ಲೋ ನಂಗ ತಿಳೀದು.” ಆಮೇಲೆ ಹಿಂದಕ್ಕೆ ತಿರುಗಿ, “ಪೆಂಡಾಲ ಕೀಳ್ರಿ. ಮೈದಾನ ಖಾಲಿ ಮಾಡ್ರಿ. ಮ್ಯಾಲಿಂದ ಬರಾವರದಾರ,” ಎಂದ.

ಅವತ್ತು ಹೊತ್ತು ಮುಳುಗುವವರೆಗೆ ಊರೆಲ್ಲ ಅಂಚಿನಲ್ಲಿ ನಿಂತಿತ್ತು. ನಾನು ಮಡಿಸುವ ಮನೆಗೆ ಹೋಗಿ ಏಳನೆಯ ಗೂಟದಿಂದ ಕಲ್ಲಿನ ಚೀಲ ತೆಗೆದು ಸೀಸದ ಚೀಲ ತೂಗುಹಾಕಿ ಬಂದೆ. ತಂಬಿಗೆಯ ನೀರು ಬದಲಿಸಿದೆ. ನೀಲಗಂಗಾ ತಲೆ ಬಾಚಿಕೊಂಡು, ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ. ಚೀಲಕ್ಕೂ ಅವನಿಗೂ ನಡುವೆ ಎಷ್ಟು ಹೊತ್ತು ಎಂದು ಯಾರು ಹೇಳಬೇಕು. ಆದರೂ ಆಮೇಲಿನ ನಾಲ್ಕು ತಿಂಗಳು ನಾವಿಬ್ಬರೂ ಬೆಂಚಿನ ನಡುವೆ ಒತ್ತಿ ಕೂತು, ಬಾ ಎಂದೇ ಬೇಡಿದೆವು. ನನ್ನ ಬದುಕಿನಲ್ಲಿ ಒಳ್ಳೆಯ ಕಾಲ ಎಂದು ಯಾವುದನ್ನಾದರೂ ಕರೆದರೆ ಅದನ್ನು ಕರೆದೇನು.

ಮಳೆಗಾಲದ ಮೊದಲ ಜ್ವರಕ್ಕೆ ನೀಲಗಂಗಾ ಮಲಗಿದಳು, ಏಳಲಿಲ್ಲ. ಕೊನೆಯ ದಿನ ಮಧ್ಯಾಹ್ನ ಮೈ ಬೆವರಿ ಎಚ್ಚರಾದಾಗ ನನ್ನನ್ನು ಹತ್ತಿರ ಕರೆದಳು. ಸೆರಗು ಒದ್ದೆ ಮಾಡಿ ತುಟಿ ಒರೆಸಿದೆ.

“ವಿಠಕ್ಕಾ, ಅವರಿಗೆ ನನ್ನ ಹೆಸರು ಹೇಳಾಕಿ ನೀನ ಅಲ್ಲೇನ?”

“ನಾನ.”

“ನೀರು ಪೂರಾ ನುಂಗಿದ ಮ್ಯಾಲೆ ಹೇಳು. ನೀರು ಗಂಟಲದಾಗ ಇದ್ದಾಗ ಹೇಳಬ್ಯಾಡ, ನೆತ್ತಿಗೆ ಹತ್ತತೈತಿ.”

ಈಗ ಬೆಂಚಿನ ಮೇಲೆ ನಾನೊಬ್ಬಳೇ. ಕಾಯುವವಳು ಹೋದಳು, ಇನ್ನು ಭವನ ಕಟ್ಟಬಹುದಲ್ಲ ಎಂದು ಪುರಸಭೆಯವರು ಬಂದಿದ್ದರು. ನಾನು ಕಾಯುತ್ತಿದ್ದೇನೆ ಎಂದು ಗುರುಪಾದನೇ ನನ್ನ ಹೆಸರು ಬರೆಸಿ ಕಳಿಸಿದ. ನಾನು ಸತ್ತರೆ ತಂಬಿಗೆ ಅವನು ಹಿಡಿಯುತ್ತಾನಂತೆ. ಮಡಿಸದವನು ಹಿಡಿದರೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲು ಅವನು ಇಳಿಯುವುದಕ್ಕೆ ಹೆದರುತ್ತಿದ್ದೆ. ಈಗ ಕಾಲೂರಿ ನಿಂತು ಇಳಿದುಬಿಟ್ಟರೆ ಎಂದೇ ಹೆಚ್ಚು ಹೆದರಿಕೆ. ಬಂದವನು ನನ್ನ ಹೆಗಲಾಚೆ ಹುಡುಕುತ್ತಾನೆ. ರೊಟ್ಟಿಯ ನೆನಪಿನಲ್ಲಿ ಬಂದಿರುತ್ತಾನೆ. ಆದರೂ ದಿನಾ ಬಾ ಎನ್ನುತ್ತೇನೆ, ಬೆಳಗ್ಗೆ ಎದ್ದು ತಂಬಿಗೆ ಬೆಳಗುತ್ತೇನೆ, ಅವತ್ತಿನ ತಾರೀಖನ್ನು ಎರಡು ಸಲ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಮೊದಲು ನೀರು ಕೊಡುತ್ತೇನೆ. ಅವನು ಕುಡಿಯುವಾಗ ಅವನ ಗಂಟಲನ್ನೇ ನೋಡುತ್ತಿರುತ್ತೇನೆ. ಕೊನೆಯ ಗುಟುಕು ಇಳಿಯುವ ತನಕ ಬಾಯಿ ಬಿಡುವುದಿಲ್ಲ.